ಅಮ್ಮ ನಡೆಯುವ ಜಾಗಕ್ಕೆ ಯಾವ ಬಣ್ಣ?

ಜುಲೈ ತಿಂಗಳು, ಸಂಜೆ ಆರೂವರೆ. ಕರಾವಳಿ ಜಂಕ್ಷನ್‌ನಿಂದ ಬನ್ನಂಜೆ ಕಡೆಗೆ ತಿರುಗಿದೆ. ವೈಪರ್ ಎಷ್ಟು ಜೋರಾಗಿ ಹೊಡ್ಕೊಂಡ್ರೂ ಎದುರಿಗೆ ಕಾಣ್ತಿದ್ದದ್ದು ಕೆಂಪು, ಬಿಳಿ ಮಸುಕು ಅಷ್ಟೆ. ನನ್ನ ಕಾರಿನ ಡ್ಯಾಶ್‌ಬೋರ್ಡಲ್ಲಿ ಒಂದು ಪುಟ್ಟ ಚಿಹ್ನೆ ಇದೆ. ರಸ್ತೆಯ ಗೆರೆ ಕಂಡರೆ ಹಸಿರು, ಕಾಣದಿದ್ದರೆ ಬೂದು. ಅವತ್ತು ಪೂರ್ತಿ ಬೂದು. ಬಸ್ ನಿಲ್ದಾಣದ ಹತ್ತಿರ ಬರುವಾಗ ಕ್ಯಾಮೆರಾ ಸದ್ಯಕ್ಕೆ ಲಭ್ಯವಿಲ್ಲ ಅಂತ ಒಂದು ಸಾಲು ಬಂತು. ನನಗೆ ಬೇಜಾರಾಗಲಿಲ್ಲ. ಕಾಣದೇ ಇದ್ದಾಗ ಕಾಣ್ತಾ ಇಲ್ಲ ಅಂತ ಒಪ್ಪಿಕೊಳ್ಳುವ ಯಂತ್ರದ ಬಗ್ಗೆ ನನಗೆ ಗೌರವ ಉಂಟು. ಹೆದರಿಕೆ ಆಗೋದು ಎಲ್ಲ ಕಾಣ್ತಾ ಇದೆ ಅಂದುಕೊಂಡಿರುವ ಯಂತ್ರದ ಬಗ್ಗೆ.

ಯಂತ್ರಕ್ಕೆ ಏನು ಕಾಣಬೇಕು ಅಂತ ನಿರ್ಧಾರ ಆಗೋದು ಎಲ್ಲಿ? ಕ್ಯಾಮೆರಾದಲ್ಲಲ್ಲ, ಡೇಟಾಸೆಟ್‌ನಲ್ಲಿ. ಯಾರೋ ಒಂದಷ್ಟು ಫೋಟೋ ತೆಗೆದು, ಇದು ರಸ್ತೆ, ಇದು ಮನುಷ್ಯ, ಇದು ಮರ ಅಂತ ಹೆಸರು ಬರೆದು ಬಣ್ಣ ಹಚ್ಚಿರ್ತಾರೆ. ಆ ಹೆಸರಿನ ಪಟ್ಟಿಯೇ ಯಂತ್ರದ ಜಗತ್ತು. ಕಾದಂಬರಿಗೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ. ಸಾವಿರಾರು ಪೇಪರುಗಳು ತಲೆಬಾಗಿ ಉಪಯೋಗಿಸುವ ಈ ಪಟ್ಟಿಗಳಿಗೆ ಮಾತ್ರ ಯಾರೂ ಬರೆಯೋದಿಲ್ಲ. ಈ ಸಲ ನಾನು ಬರೆದುಬಿಡ್ತೇನೆ.

ಮೊದಲು ನನ್ನದೇ ಪಾಪ ಹೇಳ್ಕೋಬೇಕು. ಬಿಇ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ತೆಗೆದುಕೊಂಡದ್ದು ಎರಡು ಕ್ಯಾಮೆರಾದಿಂದ ದೂರ ಅಳೆಯುವ ವಿಷಯ. ಡೇಟಾಸೆಟ್ ಕಿಟ್ಟಿ. 2012ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಮತ್ತು ಷಿಕಾಗೋದ ಟೊಯೊಟಾ ತಾಂತ್ರಿಕ ಸಂಸ್ಥೆಯವರು ಸೇರಿ ಹೊರತಂದದ್ದು. ಒಂದು ಫೋಕ್ಸ್‌ವ್ಯಾಗನ್ ಪಸಾಟ್ ಕಾರು, ಅದರ ತಲೆ ಮೇಲೆ 54 ಸೆಂಟಿಮೀಟರ್ ಅಂತರದಲ್ಲಿ ಜೋಡಿ ಕ್ಯಾಮೆರಾ, ಸೆಕೆಂಡಿಗೆ ಹತ್ತು ಸುತ್ತು ತಿರುಗುವ 64 ಕಿರಣಗಳ ಲೈಡಾರ್. ಹಾಸ್ಟೆಲಿನ ವೈಫೈಯಲ್ಲಿ ರಾತ್ರಿಯೆಲ್ಲ ಡೌನ್‌ಲೋಡ್ ಹಾಕಿ ಮಲಗ್ತಿದ್ವಿ. ಫೋಲ್ಡರುಗಳಿಗೆ ದಿನಾಂಕದ ಹೆಸರು: 2011ರ ಸೆಪ್ಟೆಂಬರ್ 26, 28, 29, 30, ಮತ್ತೆ ಅಕ್ಟೋಬರ್ 3.

ಈ ದಿನಾಂಕಗಳನ್ನು ನಾನು ಅಂದು ನೂರಾರು ಸಲ ಟೈಪ್ ಮಾಡಿದ್ದೇನೆ. ಅದರ ಅರ್ಥ ಹೊಳೆದದ್ದು ಹತ್ತು ವರ್ಷ ಆದ ಮೇಲೆ. ಒಂದು ಊರು, ಶರತ್ಕಾಲದ ಐದು ದಿನ, ಅದೂ ಹಗಲು ಹೊತ್ತು. ಇಷ್ಟು ವರ್ಷ ಇಡೀ ಜಗತ್ತಿನ ರೋಬೋಟ್ ಕಣ್ಣುಗಳಿಗೆ ಪರೀಕ್ಷೆ ನಡೆದದ್ದು ಈ ಐದು ದಿನದ ಬೆಳಕಿನಲ್ಲಿ! ನಮ್ಮ ವೈವಾ ನಡೆದ ದಿನ ಹೊರಗೆ ಮಳೆಗಾಲದ ಮುಂಚಿನ ಗುಡುಗು, ಕರೆಂಟ್ ಹೋಗಿ ಜನರೇಟರ್ ಓಡ್ತಿತ್ತು. ಒಳಗೆ ಪರದೆ ಮೇಲೆ ಕಾರ್ಲ್ಸ್‌ರೂಹೆಯ ತಿಳಿ ಬಿಸಿಲು. ಫಲಿತಾಂಶ ಚೆನ್ನಾಗಿದೆ ಅಂದರು. ಕಾಲೇಜಿನ ಗೇಟಿನ ಹೊರಗೆ ಇದು ನಡೆಯುತ್ತಾ ಅಂತ ಒಬ್ಬರೂ ಕೇಳಲಿಲ್ಲ. ನಮಗೂ ಕೇಳಿಕೊಳ್ಳಬೇಕು ಅನಿಸಲಿಲ್ಲ.

ಜೋಡಿ ಕ್ಯಾಮೆರಾ ಕೆಲಸ ಮಾಡೋದು ಸರಳ. ಒಂದೇ ಬಿಂದು ಎಡಗಣ್ಣಿಗೆ ಒಂದು ಕಡೆ, ಬಲಗಣ್ಣಿಗೆ ಸ್ವಲ್ಪ ಪಕ್ಕಕ್ಕೆ ಕಾಣುತ್ತೆ. ಆ ಪಕ್ಕಕ್ಕೆ ಸರಿದದ್ದು ಹೆಚ್ಚಿದ್ದರೆ ವಸ್ತು ಹತ್ತಿರ, ಕಡಿಮೆ ಇದ್ದರೆ ದೂರ. ಚಂದ್ರಯಾನ-3ರ ಪ್ರಜ್ಞಾನ್ ರೋವರಿನ ಮುಂದೆ ಇದ್ದದ್ದೂ ಇಂಥದ್ದೇ ಜೋಡಿ ನ್ಯಾವಿಗೇಷನ್ ಕ್ಯಾಮೆರಾ, ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್ ಮಾಡಿದ್ದು. 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡು, ಭೂಮಿಯಿಂದ ಆದೇಶ ಹೋಗಿ, ರೋವರ್ ಬಂದ ದಾರಿಗೆ ತಿರುಗಿತು. ಚಂದ್ರನಲ್ಲಿ ಒಂದು ಅನುಕೂಲ ಇದೆ, ಅಲ್ಲಿ ಕುಳಿಯಲ್ಲಿ ನೀರು ನಿಲ್ಲಲ್ಲ. ನಮ್ಮ ರಸ್ತೆಯಲ್ಲಿ ನಿಂತ ನೀರಲ್ಲಿ ತೆಂಗಿನ ಮರ ತಲೆಕೆಳಗಾಗಿ ಕಾಣ್ತದೆ. ಎರಡೂ ಕ್ಯಾಮೆರಾ ಆ ಪ್ರತಿಬಿಂಬವನ್ನೇ ಹೊಂದಿಸಿ ಲೆಕ್ಕ ಹಾಕಿದರೆ ಉತ್ತರ ಬರೋದು ರಸ್ತೆಯಿಂದ ಎಷ್ಟೋ ಕೆಳಗೆ. ಅಂದರೆ ಯಂತ್ರದ ಲೆಕ್ಕದಲ್ಲಿ ಅಲ್ಲೊಂದು ದೊಡ್ಡ ಗುಂಡಿ. (ನಮ್ಮೂರ ಕಡೆ ಜುಲೈಯಲ್ಲಿ ಅದು ನಿಜವೂ ಆಗಿರ್ತದೆ, ಆ ಮಾತು ಬೇರೆ.) ಲೈಡಾರ್ ತೆಗೊಂಡರೂ ಪೂರ್ತಿ ಪಾರಾಗೋದಿಲ್ಲ. ಒದ್ದೆ ಡಾಂಬರು ಕನ್ನಡಿಯ ಹಾಗೆ ಕಿರಣವನ್ನು ಮುಂದಕ್ಕೆ ಎರಚಿಬಿಡ್ತದೆ, ವಾಪಸು ಬರೋದು ಕಡಿಮೆ. ರೇಡಾರ್‌ಗೆ ಮಳೆ ಅಷ್ಟು ತೊಂದರೆ ಮಾಡಲ್ಲ, ಆದರೆ ಎದುರಿಗೆ ಇರೋದು ಕಂಬವಾ ಮನುಷ್ಯನಾ ಅಂತ ಬಿಡಿಸಿ ಹೇಳುವಷ್ಟು ಸೂಕ್ಷ್ಮ ಅದಕ್ಕಿಲ್ಲ.

ಈ ಮಳೆಗಾಲ ವರ್ಕ್ ಫ್ರಂ ಹೋಮ್ ಹೆಸರಲ್ಲಿ ಬನ್ನಂಜೆಯ ಅಕ್ಕನ ಮನೆಯಲ್ಲಿದ್ದೆ. ಫೋನನ್ನು ಗಾಜಿಗೆ ಅಂಟಿಸಿ ಕರಾವಳಿ ಜಂಕ್ಷನ್‌ನಿಂದ ಸಿಟಿ ಬಸ್‌ಸ್ಟ್ಯಾಂಡ್ ತನಕ ನಾಲ್ಕಾರು ಸಲ ವಿಡಿಯೋ ಮಾಡಿದೆ. ರಾತ್ರಿ ಕೂತು ಕೋಕೋ ಡೇಟಾಸೆಟ್‌ನಲ್ಲಿ ಕಲಿತ, ಉಚಿತವಾಗಿ ಸಿಗುವ ಒಂದು ಮಾದರಿಗೆ ತಿನ್ನಿಸಿದೆ. ಕೋಕೋ 2014ರದ್ದು, ಅದರಲ್ಲಿ 80 ಹೆಸರು. ಪಟ್ಟಿ ಓದಿದರೆ ಮಜಾ ಇದೆ ಮಾರಾಯ್ರೆ. ಹಾಟ್‌ಡಾಗ್ ಉಂಟು, ಸ್ನೋಬೋರ್ಡ್ ಉಂಟು, ಫ್ರಿಸ್ಬಿ ಉಂಟು, ಹೇರ್ ಡ್ರೈಯರ್ ಉಂಟು. ಆಟೋರಿಕ್ಷಾ ಇಲ್ಲ. ಹಾಗಾಗಿ ಬನ್ನಂಜೆಯ ರಿಕ್ಷಾಗಳೆಲ್ಲ ಒಂದು ಕ್ಷಣ ಕಾರು, ಮರುಕ್ಷಣ ಲಾರಿ, ತಿರುಗುವಾಗ ಬೈಕು. ಹುಲಿಯೂ ಆ ಪಟ್ಟಿಯಲ್ಲಿಲ್ಲ. ಅದು ಗೊತ್ತಾದದ್ದೇ ವಿಟ್ಲಪಿಂಡಿಯಲ್ಲಿ ತೆಗೆದ ಹಳೇ ಹುಲಿವೇಷದ ವಿಡಿಯೋ ಹುಡುಕಿ ಓಡಿಸಿದೆ. ಪೂರಾ ಸೋಲುತ್ತೆ ಅಂತ ಭಾವನ ಹತ್ತಿರ ಒಂದು ಪ್ಲೇಟ್ ಗೋಳಿಬಜೆ ಬಾಜಿ ಕಟ್ಟಿದ್ದೆ. ಸೋತದ್ದು ನಾನು. ಮೈತುಂಬ ಪಟ್ಟೆ ಬಳಿದು ಕುಣಿಯುವವನನ್ನು ಅದು ಬಹುತೇಕ ಮನುಷ್ಯ ಅಂತಲೇ ಗುರುತಿಸಿತು. ಒಂದೇ ಒಂದು ಸಲ ಜೀಬ್ರಾ ಅಂತು. ಭಾವ ಇನ್ನೂ ಆ ಗೋಳಿಬಜೆಯ ಸುದ್ದಿ ಬಿಟ್ಟಿಲ್ಲ.

ಹಾಗಾಗಿ ಯಂತ್ರ ದಡ್ಡ ಅಂತ ನಾನು ಹೇಳ್ತಾ ಇಲ್ಲ. ಅದು ವಿಧೇಯ ವಿದ್ಯಾರ್ಥಿ, ಸಿಲೆಬಸ್‌ನಲ್ಲಿದ್ದದ್ದನ್ನು ಚೆನ್ನಾಗಿಯೇ ಕಲಿತಿದೆ. ನನ್ನ ತಕರಾರು ಸಿಲೆಬಸ್ ಮೇಲೆ.

ಸಿಲೆಬಸ್ ಅಂದರೆ 2016ರ ಸಿಟಿಸ್ಕೇಪ್ಸ್ ಹೆಸರು ಹೇಳಲೇಬೇಕು. 50 ನಗರ, ಹೆಚ್ಚಿನವು ಜರ್ಮನಿಯವು. ಪ್ರತಿ ಪಿಕ್ಸೆಲ್‌ಗೂ ಬಣ್ಣ ಹಚ್ಚಿದ 5,000 ಚಿತ್ರ, ಒಂದೊಂದಕ್ಕೆ ಸರಾಸರಿ ಒಂದೂವರೆ ಗಂಟೆಗೂ ಮೇಲೆ ಕೈಕೆಲಸ. ಶ್ರದ್ಧೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕೆಂದೇ ಒಳ್ಳೆ ಹವೆಯಲ್ಲಿ ಚಿತ್ರೀಕರಿಸಿದ್ದು. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ನೋಡಿ ಬೆಳೆದವನಿಗೆ ಒಳ್ಳೆ ಹವೆ ಅನ್ನೋದನ್ನು ಓದಿ ನಗು ಬಂತು. ಅದಕ್ಕಿಂತ ಮುಖ್ಯವಾದದ್ದು ಆ ಚಿತ್ರಗಳ ಅಂಚು. ರಸ್ತೆ ಮುಗಿದಲ್ಲಿ ಕಲ್ಲಿನ ಕಟ್ಟೆ, ಕಟ್ಟೆ ದಾಟಿದರೆ ಫುಟ್‌ಪಾತ್. ಯಾವುದು ಕಾರಿಗೆ, ಯಾವುದು ಕಾಲಿಗೆ ಅಂತ ನಗರಪಾಲಿಕೆ ಮೊದಲೇ ಬಿಡಿಸಿ ಇಟ್ಟಿದೆ. ಸಂಶೋಧಕರು ಅದರ ಮೇಲೆ ಬಣ್ಣ ಹಚ್ಚಿದರು ಅಷ್ಟೆ.

ನಮ್ಮ ಕಡೆಯಿಂದ ಇದಕ್ಕೆ ಬಂದ ಉತ್ತರ ಐಡಿಡಿ, ಅಂದರೆ ಇಂಡಿಯಾ ಡ್ರೈವಿಂಗ್ ಡೇಟಾಸೆಟ್. ಹೈದರಾಬಾದಿನ ಐಐಐಟಿಯ ಸಂಶೋಧಕರು ಮುಂದೆ ನಿಂತು ಮಾಡಿದ್ದು, ಪೇಪರ್ 2019ರದ್ದು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತ ಕಾರು ಓಡಿಸಿ, 182 ಓಟಗಳಿಂದ ಹತ್ತು ಸಾವಿರ ಚಿತ್ರ, 34 ಹೆಸರು. ನಾನು ಈ ಪೇಪರನ್ನು ಕತೆ ಓದಿದ ಹಾಗೆ ಓದಿದೆ. ಯಾಕಂದರೆ ಮೊದಲ ಬಾರಿ ಪಟ್ಟಿಯಲ್ಲಿ ಆಟೋರಿಕ್ಷಾ ಇತ್ತು. ಪ್ರಾಣಿ ಇತ್ತು. ಫ್ಲೆಕ್ಸು, ಬ್ಯಾನರ್ ಹಾವಳಿ ನೋಡಿದವರಿಗೆ ಸಮಾಧಾನ ಆಗುವ ಹಾಗೆ ಜಾಹೀರಾತು ಫಲಕವೂ ಇತ್ತು. ಯಾವ ಹೆಸರಿಗೂ ಸರಿಯಾಗಿ ಕೂರದ ವಾಹನಕ್ಕೂ ಒಂದು ಖಾನೆ, ಹೆಸರುಗಳೆಲ್ಲ ನಾಲ್ಕು ಮಟ್ಟದ ಏಣಿಯಲ್ಲಿ. ಗೊಂದಲ ಆದರೆ ಒಂದು ಮೆಟ್ಟಿಲು ಮೇಲೆ ಹತ್ತಿ, ಯಾವ ಗಾಡಿ ಗೊತ್ತಿಲ್ಲ, ಗಾಡಿ ಅಂತೂ ಹೌದು ಅನ್ನಬಹುದು. ನಮ್ಮ ರಸ್ತೆ ಕಂಡವರೇ ಯೋಚಿಸಬಹುದಾದ ವ್ಯವಸ್ಥೆ. ಕ್ಯಾರವಾನ್ ಅನ್ನೋ ಹೆಸರು ಮಾತ್ರ ಜರ್ಮನಿಯಿಂದ ಹಾಗೇ ಉಳಿದುಬಿಟ್ಟಿದೆ. ಮನೆಯನ್ನೇ ಎಳ್ಕೊಂಡು ಹೋಗುವ ಗಾಡಿ ನಮ್ಮಲ್ಲಿ ಯಾರ ಹತ್ರ ಉಂಟು?

ಈ ಪಟ್ಟಿಯ ನಿಜವಾದ ಹೊಸತು ಇನ್ನೊಂದು ಹೆಸರು, ಡ್ರೈವೆಬಲ್ ಫಾಲ್‌ಬ್ಯಾಕ್. ಡಾಂಬರು ಮುಗಿದ ಮೇಲೆ ಇರುವ ಮಣ್ಣಿನ ಅಂಚು ಇದೆಯಲ್ಲ, ಅದು. ರಸ್ತೆ ಅಲ್ಲ, ಆದರೆ ಬೇಕಾದರೆ ಗಾಡಿ ಇಳಿಸಬಹುದು. ಬಸ್ಸಿಗೆ ಸೈಡ್ ಕೊಡುವಾಗ ನಾವೆಲ್ಲ ಮಾಡೋದು ಅದನ್ನೇ. ಪೇಪರ್ ಓದಿದಾಗ ಇದೇ ಭಾಗಕ್ಕೆ ನಾನು ಪಕ್ಕದಲ್ಲಿ ಸೈ ಅಂತ ಬರೆದಿದ್ದೆ.

ಆಮೇಲೆ ಒಂದು ಶನಿವಾರ ಊರಿಗೆ ಹೋದೆ. ಕಾಪುವಿನಿಂದ ಒಳಗೆ ನಮ್ಮ ಮನೆ. ಅಮ್ಮ ಬೆಳಿಗ್ಗೆ ಆರಕ್ಕೆಲ್ಲ ಹಾಲಿನ ಡೈರಿಗೆ ಹೊರಡ್ತಾರೆ, ಒಂದು ಕೈಯಲ್ಲಿ ಕ್ಯಾನ್, ಇನ್ನೊಂದರಲ್ಲಿ ಕೊಡೆ. ಮೊದಲೆಲ್ಲ ಗದ್ದೆಗೆ ಗೊರಬು ಹಾಕ್ಕೊಂಡು ಹೋಗ್ತಿದ್ದರು, ಈಗ ಗದ್ದೆಯೂ ಇಲ್ಲ ಗೊರಬೂ ಇಲ್ಲ. ನಾನು ಹಿಂದೆ ಕಾರಲ್ಲಿ ಮೆಲ್ಲ ಹೋಗ್ತಾ ವಿಡಿಯೋ ಮಾಡಿದೆ. ಕೋಕೋ ಮಾದರಿ ಕೊಡೆಯ ಸುತ್ತ ಗಟ್ಟಿಯಾಗಿ ಚೌಕ ಹಾಕಿತು, ಅಷ್ಟು ಕತ್ತಲೆಯಲ್ಲೂ ಬಿಡಲಿಲ್ಲ. ಕೊಡೆಯ ಕೆಳಗಿನ ಅಮ್ಮ ಬಂದು ಹೋಗಿ ಮಾಡ್ತಿದ್ದರು. ನಾಲ್ಕು ಫ್ರೇಮ್ ಇದ್ದಾರೆ, ಆರು ಫ್ರೇಮ್ ಇಲ್ಲ. ಐಡಿಡಿಯಲ್ಲಿ ಕಲಿಸಿದ ಮಾದರಿ ಎಷ್ಟೋ ವಾಸಿ, ಹೆಚ್ಚಿನ ಕಡೆ ಅಮ್ಮನನ್ನು ಬಿಡಲಿಲ್ಲ. ಕಾಲ ಕೆಳಗಿನ ಮಣ್ಣಿಗೂ ಸರಿಯಾದ ಬಣ್ಣ ಹಚ್ಚಿತ್ತು.

ಚಹಾ ಕುಡೀತಾ ಲ್ಯಾಪ್‌ಟಾಪ್ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದರು.

"ಇದು ನಾನು ನಡೆಯುವ ದಾರಿ ಅಲ್ವಾ? ಇದಕ್ಕೆ ಬೇರೆ ಬಣ್ಣ ಎಂತಕ್ಕೆ?"

"ಅದು ಗಾಡಿ ಹೋಗಬಹುದಾದ ಜಾಗ ಅಂತ."

"ಗಾಡಿ ಅಲ್ಲಿಗೆ ಬಂದ್ರೆ ನಾನು ಎಲ್ಲಿಗೆ ಹೋಗುದು? ತೋಡಿಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈ ಅಂತ ಬರೆದಿದ್ದ ಭಾಗವೇ ಅದು. ಪೇಪರಿನವರು ತಪ್ಪು ಮಾಡಿಲ್ಲ, ಅಲ್ಲಿ ಗಾಡಿ ಇಳಿಯೋದು ಸತ್ಯವೇ. ಆದರೆ ಫುಟ್‌ಪಾತ್ ಇಲ್ಲದ ಊರಲ್ಲಿ ಅದೇ ಫುಟ್‌ಪಾತ್ ಅನ್ನೋದೂ ಅಷ್ಟೇ ಸತ್ಯ, ಆ ಸತ್ಯಕ್ಕೆ ಪಟ್ಟಿಯಲ್ಲಿ ಹೆಸರಿಲ್ಲ. ಕಿಟ್ಟಿ, ಸಿಟಿಸ್ಕೇಪ್ಸ್, ಐಡಿಡಿ ಮೂರರಲ್ಲೂ ಕ್ಯಾಮೆರಾ ಇರೋದು ಕಾರಿನ ಮೇಲೆ. ಹಾಗಾಗಿ ಹೆಸರಿಡುವ ಕೆಲಸವೂ ಡ್ರೈವರ್ ಸೀಟಿನಿಂದಲೇ ಆಗಿದೆ. ಕಾರಿಗಾಗಿ ಮಾಡಿದ್ದು ಕಾರಿನಿಂದಲೇ ತಾನೆ ನೋಡಬೇಕು ಅಂತ ನೀವು ಕೇಳಬಹುದು, ಔಟರ್ ರಿಂಗ್ ರೋಡಿನಲ್ಲಿ ಇದೇ ಕೆಲಸ ಮಾಡುವ ನನ್ನ ಗೆಳೆಯನೂ ಕೇಳಿದ. ನೋಡಲಿ. ಆದರೆ ಅದೇ ಜಾಗದಲ್ಲಿ ಬೇರೆಯವರ ಪಾಲೂ ಇದೆ ಅನ್ನೋದು ಗೊತ್ತಿದ್ದು ನೋಡಲಿ.

ಅಂಕ ಕೊಡುವ ರೀತಿಯಲ್ಲೂ ಇದೇ ತೊಂದರೆ. ಈ ಕ್ಷೇತ್ರದ ಮಾಮೂಲಿ ಅಳತೆ ಹೀಗೆ: ಯಂತ್ರ ಹಚ್ಚಿದ ಬಣ್ಣ ಮತ್ತು ಮನುಷ್ಯ ಹಚ್ಚಿದ ಬಣ್ಣ ಎಷ್ಟು ಪಾಲು ಒಂದರ ಮೇಲೊಂದು ಕೂರುತ್ತವೆ ಅಂತ ಪ್ರತಿ ಹೆಸರಿಗೂ ಲೆಕ್ಕ ಹಾಕಿ ಸರಾಸರಿ ತೆಗೀತಾರೆ. ಮನುಷ್ಯನನ್ನು ರಸ್ತೆ ಅಂದುಕೊಂಡರೂ, ಮನುಷ್ಯನನ್ನು ಕಂಬ ಅಂದುಕೊಂಡರೂ ಮನುಷ್ಯನ ಲೆಕ್ಕದಲ್ಲಿ ಹೋಗುವ ಪಿಕ್ಸೆಲ್ ಒಂದೇ. ಕಂಬ ಅಂದುಕೊಂಡರೆ ಕಾರು ನಿಲ್ಲುತ್ತೆ. ರಸ್ತೆ ಅಂದುಕೊಂಡರೆ? ಈ ಪ್ರಶ್ನೆಯನ್ನು ನಾನೇ ಮೊದಲು ಕೇಳಿದೆ ಅಂದುಕೊಂಡಿದ್ದೆ. ಐಡಿಡಿ ಸಾಲಿನಲ್ಲೇ ಮುಂದೆ ಬಂದ ಐಡಿಡಿ-ಎಡಬ್ಲ್ಯೂ ನೋಡಿದಾಗ ಜಂಬ ಇಳಿಯಿತು. ಮಳೆ, ಮಂಜು, ಮಬ್ಬು ಬೆಳಕು, ಹಿಮದಲ್ಲಿ ತೆಗೆದ 5,000 ಜೋಡಿ ಚಿತ್ರ, ಪ್ರತಿ ಜೋಡಿಯಲ್ಲಿ ಒಂದು ಮಾಮೂಲಿ, ಒಂದು ಅವಗೆಂಪು ಬೆಳಕಿನದ್ದು. ಜೊತೆಗೆ ಅಪಾಯಕಾರಿ ತಪ್ಪಿಗೆ ಹೆಚ್ಚು ಅಂಕ ಕಳೆಯುವ ಹೊಸ ಅಳತೆ. ನನಗೆ ಕಿಟ್ಟಿಯ ಎಲ್ಲ ಲೀಡರ್‌ಬೋರ್ಡಿಗಿಂತ ದೊಡ್ಡ ಕೆಲಸ ಇದು ಅನಿಸುತ್ತೆ. ಮಾದರಿಯನ್ನು ಅರ್ಧ ಪರ್ಸೆಂಟ್ ಮೇಲೆ ತಂದವರ ಹೆಸರು ಎಲ್ಲರಿಗೂ ಗೊತ್ತಾಗುತ್ತೆ, ಅಳತೆಗೋಲನ್ನೇ ತಿದ್ದಿದವರಿಗೆ ಚಪ್ಪಾಳೆ ಕಮ್ಮಿ.

ಇಲ್ಲಿ ಸುತ್ತಮುತ್ತ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರ ಇಲ್ಲ. ಮಣಿಪಾಲದ ಎಂಐಟಿ 1957ರದ್ದು, ಕಾರ್ಕಳದ ಹತ್ತಿರ ನಿಟ್ಟೆ ಇದೆ. ಹೆದ್ದಾರಿ 66, ಆಗುಂಬೆ ಘಾಟಿಯ ತಿರುವು, ಮಲ್ಪೆ ಬಂದರಿನ ಗದ್ದಲ ಎಲ್ಲ ಒಂದೆರಡು ಗಂಟೆಯೊಳಗೆ. ಇಷ್ಟು ಮಳೆ ಬೇರೆ ಯಾರಿಗೆ ಸಿಗುತ್ತೆ? ಈಚೆಗೆ ಒಂದು ಕಾಲೇಜಲ್ಲಿ ಪ್ರಾಜೆಕ್ಟ್ ನೋಡಲು ಕರೆದಿದ್ದರು. ಮೂರು ತಂಡ ಇದೇ ವಿಷಯ, ಮೂರೂ ಕಿಟ್ಟಿ. ಜೂನ್‌ನಿಂದ ಒಂದು ತಿಂಗಳು ನಿಮ್ಮದೇ ರಸ್ತೆಯಲ್ಲಿ ನಡೆದುಕೊಂಡು ಚಿತ್ರ ತೆಗೀರಿ, ನೀವೇ ಹೆಸರಿಡಿ ಅಂದೆ. ಒಬ್ಬ ಕೇಳಿದ, "ಸರ್, ಕಂಪೇರ್ ಮಾಡೋಕೆ ಬೆಂಚ್‌ಮಾರ್ಕ್ ಯಾವುದು?" ಯಾವುದೂ ಇಲ್ಲ, ಟೇಬಲ್‌ನಲ್ಲಿ ಮೊದಲ ಸಾಲು ನಿಮ್ಮದೇ ಅಂದೆ. ಮೊದಲ ಸಾಲಿಗೆ ಮಾರ್ಕ್ಸ್ ಕೊಡ್ತಾರಾ ಅಂತ ಅವನ ಮುಖದಲ್ಲಿ ಬರೆದಿತ್ತು. ಅವನ ತಪ್ಪಲ್ಲ, ಆ ವಯಸ್ಸಿನಲ್ಲಿ ನಾನು ಬೇರೆ ಏನು ಮಾಡಿದ್ದೆ?

ಒಬ್ಬಳು ಮಾತ್ರ ಎರಡು ವಾರ ಬಿಟ್ಟು ಡ್ರೈವ್ ಲಿಂಕ್ ಕಳಿಸಿದಳು. ಬನ್ನಂಜೆ ಬಸ್‌ಸ್ಟ್ಯಾಂಡಿನಿಂದ ತನ್ನ ಪಿಜಿ ತನಕ, ಕೊಡೆ ಹಿಡ್ಕೊಂಡು ನಡೀತಾ ತೆಗೆದ ಮುನ್ನೂರು ಚಿಲ್ಲರೆ ಫೋಟೋ. ಅರ್ಧಕ್ಕರ್ಧದ ಲೆನ್ಸಿನ ಮೇಲೆ ನೀರು, ಕೆಲವದರ ಮೂಲೆಯಲ್ಲಿ ಕೊಡೆಯ ಕಡ್ಡಿ. ಅದರಲ್ಲಿ ರಸ್ತೆ ಕಾಣೋದಿಲ್ಲ, ಎದುರಿನಿಂದ ಬರುವ ಎರಡು ಹೆಡ್‌ಲೈಟ್ ಕಾಣುತ್ತೆ. ಫೈಲಿನ ಜೊತೆ ಒಂದು ಪ್ರಶ್ನೆ ಇತ್ತು: ಕಾಲ ಕೆಳಗಿನ ಮಣ್ಣಿಗೆ ಯಾವ ಲೇಬಲ್ ಹಾಕಲಿ ಸರ್? ನೀನು ಅಲ್ಲಿ ಏನು ಮಾಡ್ತಾ ಇದ್ದಿ ಅಂತ ಬರಿ ಅಂದೆ. ನಡೆಯುವ ಜಾಗ ಅಂತ ಬರೆದಿದ್ದಾಳೆ. ಈಗ ನಲವತ್ತು ಫೋಟೋ ಆಗಿದೆ. ಒಂದೊಂದಕ್ಕೆ ಎರಡು ಗಂಟೆ ಹಿಡೀತಾ ಇದೆಯಂತೆ, ಭಾನುವಾರ ನಾನೂ ಒಂದಷ್ಟಕ್ಕೆ ಬಣ್ಣ ಹಚ್ಚಬೇಕು.