ಓದಲು ಬಾರದ ಕಸೂತಿ: ಆಗ್ನೆಸ್ ರಿಕ್ಟರ್ ಅವರ ಜಾಕೆಟ್

ಮನಸ್ಸಿನ ಕಾಯಿಲೆ ಕಣ್ಣಿಗೆ ಕಾಣೋದಿಲ್ಲ, ಕಲೆ ಅದನ್ನ ಕಾಣೋ ಹಾಗೆ ಮಾಡುತ್ತೆ ಅಂತ ನಾವೆಲ್ಲ ಹೇಳ್ತೀವಿ. ಈ ಮಾತಿಗೆ ನನ್ನದೊಂದು ತಕರಾರಿದೆ. ಕಾಣಬೇಕಾದ್ದು ಯಾರ ಕಣ್ಣಿಗೆ? ಯಾರ ಮಾತಿನಲ್ಲಿ? ಒಂದೇ ವಸ್ತುವನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

ಜರ್ಮನಿಯ ಆಗ್ನೆಸ್ ರಿಕ್ಟರ್ ಹೊಲಿಗೆ ಕೆಲಸದವರು. ಹುಬರ್ಟಸ್‌ಬುರ್ಗ್‌ನ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, 1895ರ ಸುಮಾರಿಗೆ, ಅಲ್ಲಿನ ಬೂದು ಬಟ್ಟೆಯಿಂದ ತಮಗೊಂದು ಜಾಕೆಟ್ ಹೊಲಿದುಕೊಂಡರು. ಅದರ ಒಳಗೂ ಹೊರಗೂ ಬಣ್ಣದ ದಾರದಲ್ಲಿ ಅಕ್ಷರಗಳನ್ನು ಕಸೂತಿ ಹಾಕಿದರು. ಹಳೆಯ ಜರ್ಮನ್ ಕೈಬರಹ, ಸಾಲಿನ ಮೇಲೆ ಸಾಲು. ಬಹಳಷ್ಟು ಇನ್ನೂ ಓದಲು ಬಂದಿಲ್ಲ. ‘ನಾನು’, ‘ನನ್ನ’ ಎಂಬಂಥ ಮಾತುಗಳು ಅಲ್ಲಲ್ಲಿ ಸಿಗುತ್ತವೆ. ಮನೋವೈದ್ಯ ಹಾನ್ಸ್ ಪ್ರಿನ್ಜ್‌ಹಾರ್ನ್ ಹೈಡೆಲ್‌ಬರ್ಗ್‌ನಲ್ಲಿ ಬೆಳೆಸಿದ ಸಂಗ್ರಹದಲ್ಲಿ ಅದು ಈಗಲೂ ಇದೆ.

ಈ ಸಂಗ್ರಹದ ಕಥೆಯೇ ನಮಗೊಂದು ಎಚ್ಚರಿಕೆ. ಪ್ರಿನ್ಜ್‌ಹಾರ್ನ್ 1922ರಲ್ಲಿ ತಂದ ಪುಸ್ತಕದಿಂದ ರೋಗಿಗಳ ಚಿತ್ರಗಳು ಕಲಾವಿದರ ನಡುವೆ ಹೆಸರು ಮಾಡಿದವು. ಮುಂದೆ ನಾತ್ಸಿಗಳೂ ಅವನ್ನು ಬಳಸಿದರು. 1937ರಲ್ಲಿ ಶುರುವಾದ ‘ಕೆಟ್ಟ ಕಲೆ’ಯ ಪ್ರದರ್ಶನ ಊರೂರು ತಿರುಗಿದಾಗ, ಆಧುನಿಕ ಕಲಾವಿದರ ಜೊತೆ ಇವನ್ನೂ ಇಟ್ಟು, ಇಬ್ಬರೂ ಒಂದೇ ಅಂತ ಹಂಗಿಸಿದರು. ಅಂದ್ರೆ, ಕಾಣಿಸಿದ ಮಾತ್ರಕ್ಕೆ ಕರುಣೆ ಹುಟ್ಟೋದಿಲ್ಲ. ನೋಡುವವರ ಕೈಗೆ ಅದು ಕೋಲೂ ಆಗಬಹುದು.

ಈ ಜಾಕೆಟ್ಟನ್ನು ಕಂಡವರು ಹೆಚ್ಚಾಗಿ ಸಿಕ್ಕುಸಿಕ್ಕಾದ ಅಕ್ಷರಗಳನ್ನೇ ತೋರಿಸಿ ‘ನೋಡಿ, ಇದೇ ಕಾಯಿಲೆ’ ಅಂತಾರೆ. ನಾನು ಒಪ್ಪೋದಿಲ್ಲ. ನಮ್ಮ ಅಕ್ಕಲಕೋಟೆ, ಜತ್ತದ ಕಡೆ ಕೌದಿ ಹೊಲಿಯುವ ಅಕ್ಕನ ಕೈಗೆ ಇದನ್ನು ಕೊಟ್ಟರೆ ಮೊದಲು ಹೊಲಿಗೆ ನೋಡ್ಯಾಳು, ತೋಳು ಕೂಡಿಸಿದ್ದು ನೋಡ್ಯಾಳು. ರೋಗ ಆಮೇಲಿನ ಮಾತು. ಎಲ್ಲರಿಗೂ ಒಂದೇ ಬಟ್ಟೆ ತೊಡಿಸುವ ಜಾಗದಲ್ಲಿ ಕಸುಬು ಬಲ್ಲ ಹೆಂಗಸೊಬ್ಬಳು ತನ್ನ ಅಳತೆಗೆ ತಾನೇ ಹೊಲಿದುಕೊಂಡದ್ದು ಇದು. ಒಳಮೈಯ ಅಕ್ಷರಗಳಂತೂ ಅವರ ಚರ್ಮಕ್ಕೆ ತಾಗುತ್ತಿದ್ದವು. ಅವು ನಮಗೆ ಬರೆದ ಕಾಗದವಲ್ಲ. ಈ ಕೃತಿಯ ಬಲ ಇರುವುದು ಇಲ್ಲಿ: ಒಬ್ಬ ಮನುಷ್ಯಳು ಇದ್ದಳು ಅಂತ ಅದು ತೋರಿಸುತ್ತೆ, ಅವಳ ಗುಟ್ಟು ಮಾತ್ರ ಬಿಟ್ಟುಕೊಡೋದಿಲ್ಲ.

ಗಡಿಯ ನಮಗೆ ಇದು ದೂರದ ಸಂಗತಿಯಲ್ಲ. ‘ಜೀವಕ್ಕ ಸಮಾಧಾನ ಇಲ್ರಿ, ಎದಿ ಧಸಕ್ಕಂತೈತಿ’ ಅನ್ನುವವಳ ಮಾತನ್ನು ಶಾಲೆ ಕಲಿತ ಮಗ ಮರಾಠಿಗೆ ತಿರುಗಿಸ್ತಾನೆ. ಡಾಕ್ಟರ ಚೀಟಿಯಲ್ಲಿ ಅದು ಇಂಗ್ಲಿಷಿನ ಒಂದು ಪದ ಆಗುತ್ತೆ. ಎರಡು ಸಲ ದಾಟುವಷ್ಟರಲ್ಲಿ ‘ಜೀವ’ವೂ ಇಲ್ಲ, ‘ಎದಿ’ಯೂ ಇಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು ಅಂತ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಹೇಳುತ್ತೆ. ಆದರೆ ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಕೇಳುವ ಕಿವಿಯೂ ಬೇಕಲ್ಲ?

ಭಾಷೆ ಇಲ್ಲದ ಕಡೆ ಕಲೆ ಸಾಕು ಅನ್ನೋದು ಸುಲಭದ ದಾರಿ. ಬಣ್ಣ ಕೊಟ್ಟು ‘ನಿಮ್ಮ ದುಃಖ ಬರೀರಿ’ ಅಂದ್ರೆ ಬರೋದು ತಲೆ ಬಗ್ಗಿಸಿ ಕತ್ತಲಲ್ಲಿ ಕೂತ ಅದೇ ಚಿತ್ರ. ಗೋಡೆಗೆ ತೂಗುಹಾಕುವ ಮೊದಲು ಎರಡು ಪ್ರಶ್ನೆ ಕೇಳೋಣ: ಇದಕ್ಕ ನೀವು ಏನಂತೀರವ್ವಾ? ಬ್ಯಾರೆದವರಿಗೆ ತೋರಸ್ಲೇನು? ಎರಡನೆಯದಕ್ಕೆ ‘ಬ್ಯಾಡ’ ಅಂದ್ರೆ, ಆ ಉತ್ತರಕ್ಕೂ ಆ ಜಾಕೆಟ್ಟಿನ ಒಳಮೈಯಷ್ಟೇ ಬೆಲೆ ಕೊಡಬೇಕು.