ಧೂಳಿನೊಳಗಣ ನಕ್ಷತ್ರ ಕಾಣುವ ಆಲ್ಮಾ
ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದ ಬಯಲಿನಲ್ಲಿ 66 ಡಿಶ್‌ಗಳಿವೆ. ಎಲ್ಲ ಸೇರಿ ಒಂದೇ ದೂರದರ್ಶಕ, ಆಲ್ಮಾ.

ದೂರದ ಎಷ್ಟೋ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಹುಟ್ಟುವುದು ದಟ್ಟ ಧೂಳಿನೊಳಗೆ. ಧೂಳು ಅವುಗಳ ಬೆಳಕನ್ನು ನುಂಗಿ, ಬೆಚ್ಚಗಾಗಿ, ಅವಗೆಂಪು ಕಿರಣ ಸೂಸುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಆ ಕಿರಣದ ತರಂಗ ನಮ್ಮನ್ನು ಮುಟ್ಟುವಷ್ಟರಲ್ಲಿ ಮಿಲಿಮೀಟರ್ ಅಳತೆಗೆ ಬಂದಿರುತ್ತದೆ. ಆಲ್ಮಾ ಹಿಡಿಯುವುದು ಅದನ್ನೇ. ಆದರೆ ಗಾಳಿಯ ನೀರಾವಿ ಅದನ್ನು ಹೀರಿಬಿಡುತ್ತದೆ. ಅದಕ್ಕೇ ಈ ಒಣ ಎತ್ತರ.

ಡಿಶ್‌ನ ಕೆಲಸಗಾರಿಕೆ ನೋಡಬೇಕು. ಹೆಚ್ಚಿನ ಡಿಶ್‌ಗಳ 12 ಮೀಟರ್ ಅಗಲದ ಮೈಯಲ್ಲಿ ಸರಾಸರಿ ಏರುಪೇರು 25 ಮೈಕ್ರಾನ್‌ಗಿಂತ ಕಡಿಮೆ, ತಲೆಗೂದಲಿನ ದಪ್ಪವೂ ಇಲ್ಲ. ಸುಮಾರು ನೂರು ಟನ್ ತೂಕದ ಇವನ್ನು 28 ಚಕ್ರಗಳ ವಾಹನ ಎತ್ತಿ ಬೇಕಾದಲ್ಲಿ ಇಡುತ್ತದೆ. ಡಿಶ್‌ಗಳು ದೂರ ಸರಿದಷ್ಟೂ ನೋಟ ಚುರುಕು. 2014ರಲ್ಲಿ 15 ಕಿ.ಮೀ. ಹರಡಿ ನೋಡಿದಾಗ, ನಡುವಿನ ಗೆಲಾಕ್ಸಿಯ ಗುರುತ್ವದಿಂದ ಬೆಳಕು ಬಾಗಿ ಉಂಗುರವಾಗಿ ಕಾಣುವ ಎಸ್‌ಡಿಪಿ.81 ಗೆಲಾಕ್ಸಿಯೊಳಗೆ ನಕ್ಷತ್ರ ಹುಟ್ಟುವ ಮೋಡಗಳೇ ಬಿಡಿಬಿಡಿಯಾಗಿ ಕಂಡವು.