ಹಾಡಿಲ್ಲದ ಚಿತ್ತಾರ

ಬೆಂಗಳೂರಿನ ಯಲಹಂಕ, ಹೆಬ್ಬಾಳದ ಕಡೆಯ ಮನೆಗಳ ಹಜಾರದಲ್ಲಿ ಈಗ ದೀವರ ಸಮುದಾಯದ ಹಸೆ ಚಿತ್ತಾರ ಕಾಣಸಿಗುತ್ತದೆ. ಕೆಂಪು ನೆಲ, ಬಿಳಿ ಎಳೆ, ಮೇಲೊಂದು ಗಾಜು. ಬಂದವರು ನೋಡಿ ‘ವಾರ್ಲಿ’ ಎನ್ನುತ್ತಾರೆ. ಇದು ಸಣ್ಣ ತಪ್ಪಲ್ಲ. ವಾರ್ಲಿಯ ಮನುಷ್ಯರು ಕುಣಿಯುತ್ತ, ಉಳುತ್ತ ಗೋಡೆಯ ತುಂಬ ಹರಡಿಕೊಳ್ಳುತ್ತಾರೆ. ಹಸೆ ಚಿತ್ತಾರ ಹುಟ್ಟುವುದೇ ಚೌಕದಿಂದ. ಎಳೆಗೆ ಎಳೆ ಸೇರಿ ಅಂಚು ಬಿಗಿಯಾದ ಮೇಲಷ್ಟೇ ಒಳಗೆ ಬಾಸಿಂಗ, ದಂಡಿಗೆ, ಮದುಮಕ್ಕಳು. ಇಷ್ಟು ಕಟ್ಟುನಿಟ್ಟಾದ ರೇಖೆಯನ್ನು ನಮ್ಮ ಬೇರೆ ಜನಪದ ಚಿತ್ರಗಳಲ್ಲಿ ನಾನು ಕಂಡಿಲ್ಲ.

ಸಾಗರ, ಸೊರಬ, ಹೊಸನಗರದ ದೀವರ ಹೆಂಗಸರು ಮದುವೆಮನೆಯ ಗೋಡೆಗೆ ಇದನ್ನು ಬರೆಯುತ್ತಾರೆ. ಕೆಮ್ಮಣ್ಣಿನ ಸಾರಣೆ, ಅರೆದ ಅಕ್ಕಿಯ ಬಿಳಿ, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚಕ್ಕೆ ಪುಂಡಿ ನಾರು. ಬರೆಯುವಾಗ ಹಾಡುತ್ತಾರೆ. ಇಲ್ಲಿ ಕಲಾವಿದೆ ಬೇರೆ, ಕವಿ ಬೇರೆ ಅಲ್ಲ: ಕೈ ಎಳೆಯುವುದನ್ನೇ ಬಾಯಿ ಹಾಡುತ್ತದೆ. ಅಕ್ಷರ ಕಲಿಯದ ಹೆಂಗಸೊಬ್ಬಳು ನೂರಾರು ಸಾಲುಗಳನ್ನು ನೆನಪಿನಲ್ಲಿಟ್ಟು, ಹಾಡುತ್ತ ಹಾಡುತ್ತ ತನ್ನದೂ ಒಂದಿಷ್ಟು ಸೇರಿಸಿದರೆ ಅವಳನ್ನು ಕವಿಯೆನ್ನಲು ನಮಗೇಕೆ ಹಿಂಜರಿಕೆ?

1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ದೀವರಲ್ಲಿ ಅನೇಕರ ಮನೆ, ಗದ್ದೆ ಮುಳುಗಿದವು. ತುಮರಿಯ ಸುತ್ತಲ ಕರೂರು ಸೀಮೆ ಹಿನ್ನೀರಿನ ನಡುವೆ ದ್ವೀಪವಾಯಿತು. ಸಾಗರದ ಪೇಟೆಗೆ ಬರಲು ಲಾಂಚೇ ಗತಿಯಾಯಿತು. ಆ ಸಂಕಟವನ್ನು ನಾ. ಡಿಸೋಜರ ‘ದ್ವೀಪ’ ಕಾದಂಬರಿ ಹೇಳಿತು. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಮುಳುಗಿದ ಗೋಡೆಗಳ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಶರಾವತಿಯ ಕರೆಂಟಿನಿಂದ ಬೆಂಗಳೂರಿನ ಕಾರ್ಖಾನೆಗಳು ಓಡಿವೆ. ಹಾಗಾಗಿ ನಮ್ಮ ಹಜಾರಕ್ಕೆ ಬಂದ ಈ ಚಿತ್ರವನ್ನು ಬರೀ ಅಲಂಕಾರವೆಂದು ನೋಡಲು ನನಗಾಗುವುದಿಲ್ಲ.

ಮಾರುಕಟ್ಟೆಯನ್ನು ನಾನು ಹಳಿಯಲಾರೆ. ಮದುವೆಗಳು ಛತ್ರಕ್ಕೆ ಹೋದ ಮೇಲೆ, ಮಣ್ಣಿನ ಗೋಡೆ ಸಿಮೆಂಟಾದ ಮೇಲೆ ಚಿತ್ತಾರಕ್ಕೊಂದು ಜಾಗ ಬೇಕಿತ್ತು. ಬಟ್ಟೆ, ಕಾಗದದ ಮೇಲೆ ಬರೆದು ಎಷ್ಟೋ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ಆದರೆ ಅಕ್ರಿಲಿಕ್ ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಅಕ್ಕಿಯ ಬಿಳುಪು ಮಣ್ಣಿನೊಳಗೆ ಇಳಿದು ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಹಾಡಿನದು. ನಾನು ನೋಡಿದ ನಗರದ ಪ್ರದರ್ಶನಗಳಲ್ಲಿ ಅಳತೆಯ ಚೀಟಿ, ಬೆಲೆಯ ಚೀಟಿ ಎರಡೂ ಇದ್ದವು. ಬರೆದವಳ ಹೆಸರು ಅಪರೂಪ, ಅವಳ ದನಿ ಇಲ್ಲವೇ ಇಲ್ಲ. ಹಾಡು ಬಿಟ್ಟುಹೋದಾಗ ಬರೆಯುವ ಲಯವೂ ಸಡಿಲಗೊಳ್ಳುತ್ತದೆ. ನಕಲು ಚಿತ್ತಾರಗಳಲ್ಲಿ ಎಳೆ ನೇರವಾಗಿರುತ್ತದೆ, ಜೀವ ಇರುವುದಿಲ್ಲ.

2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಕೊಳ್ಳುವವರ ಕಾರು ಇನ್ನು ಮನೆಬಾಗಿಲಿಗೇ ಹೋಗಬಹುದು. ಹೋಗುವವರು ಭೂಮಿ ಹುಣ್ಣಿಮೆಗೆ ಹೋಗಲಿ. ಅಂದು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಚಿತ್ತಾರ ಬರೆದು, ಅದರಲ್ಲಿ ಸೊಪ್ಪುಗಳ ಹಚ್ಚಂಬಲಿ ತುಂಬಿ ಗದ್ದೆಗೆ ಒಯ್ದು, ಬಸಿರಿ ಭೂಮಿಯನ್ನು ಕೂಗಿ ಉಣ್ಣಿಸುತ್ತಾರೆ. ಗೋಡೆಯ ಹಸೆಗಿಂತ ಈ ಭೂಮಣ್ಣಿ ಬುಟ್ಟಿಯೇ ಇವತ್ತಿನ ಅತ್ಯುತ್ತಮ ಚಿತ್ತಾರ ಎಂಬುದು ನನ್ನ ಅಭಿಪ್ರಾಯ: ಚಿತ್ರ, ಮಾತು, ಅನ್ನ ಮೂರೂ ಅಲ್ಲಿ ಇನ್ನೂ ಒಟ್ಟಿಗಿವೆ.